ಎಷ್ಟು ಕೆಟ್ಟೈತಿ ಈ ಕ್ಯೂಬ್?

ರೂಬಿಕ್ಸ್ ಕ್ಯೂಬಿನ ಬಣ್ಣ ಕಲಸುವುದಕ್ಕೆ ನಮ್ಮ ಓಣಿಯ ಹುಡುಗರು ಸ್ಕ್ರ್ಯಾಂಬಲ್ ಅನ್ನುವುದಿಲ್ಲ, "ಕೆಡಿಸು" ಅನ್ನುತ್ತಾರೆ. ಒಬ್ಬ ಕೆಡಿಸಿ ಕೊಡಬೇಕು, ಇನ್ನೊಬ್ಬ ಬದಿಗೊಂದೇ ಬಣ್ಣ ಬರುವ ಹಾಗೆ ಕೂಡಿಸಬೇಕು, ಮೂರನೆಯವ ಮೊಬೈಲಿನಲ್ಲಿ ಟೈಮ್ ಹಿಡಿಯಬೇಕು. ಮೇ ತಿಂಗಳ ಸೂಟಿ. ಹೊರಗೆ ವಿಜಯಪುರದ ಬಿಸಿಲು, ಒಳಗೆ ನನ್ನ ಝೆರಾಕ್ಸ್ ಅಂಗಡಿ, ನಡುವಿನ ಕಟ್ಟೆಯ ಮೇಲೆ ಏಳೆಂಟು ಹುಡುಗರು ಮತ್ತು ನಾಲ್ಕು ಕ್ಯೂಬು.

ಜಗಳ ಹತ್ತಿದ್ದು ಶುಕ್ರವಾರ. ಅಕ್ಕನ ಮಗ 41 ಸೆಕೆಂಡಿನಲ್ಲಿ ಕೂಡಿಸಿ ಕ್ಯೂಬನ್ನು ಕಟ್ಟೆಗೆ ಕುಟ್ಟಿದ. ನನ್ನ ಮಗಳು ಒಪ್ಪಲಿಲ್ಲ.

"ಅಪ್ಪಾ, ಇವನ ಕ್ಯೂಬ್ ಕೆಟ್ಟೇ ಇರಲಿಲ್ಲ. ಇವನ ಗೆಳೆಯಾನೇ ಕೆಡಿಸಿ ಕೊಟ್ಟಾನ."

"ಸುಳ್ಳ ಹೇಳ್ತಾಳ ಮಾಮಾ. ಎಲ್ಲಾ ಬಣ್ಣ ಕಲಸಿ ಹೋಗಿದ್ವು, ನೀವೇ ನೋಡೀರಲ್ಲ."

ನೋಡಿದ್ದೆ, ನಿಜ. ಆದರೆ ಏನು ನೋಡಿದ್ದೆ? ಆರು ಬಣ್ಣ ಅಲ್ಲಲ್ಲಿ ಚೆಲ್ಲಿದ್ದವು. ಹೆಚ್ಚು ಕೆಟ್ಟಿತ್ತೋ ಕಡಿಮೆ ಕೆಟ್ಟಿತ್ತೋ ಹೇಳಲು ನನ್ನ ಹತ್ತಿರ ಅಳತೆ ಇರಲಿಲ್ಲ. ಮುಂದಿನ ಭಾನುವಾರ ಓಣಿಯ ಪಂದ್ಯ ಇಟ್ಟುಕೊಂಡಿದ್ದಾರೆ, ಮೊದಲ ಬಹುಮಾನ ಐದು ಪ್ಲೇಟ್ ಗಿರ್ಮಿಟ್. "ತಡೀರಿ, ಅಷ್ಟರೊಳಗ ಕ್ಯೂಬ್ ತೂಗೋ ತಕ್ಕಡಿ ಮಾಡಿ ಕೊಡ್ತೀನಿ" ಅಂದುಬಿಟ್ಟೆ. ಬಿಸಿಎ ಓದಿದವನಿಗೆ ಇರುವ ಹುಂಬ ಧೈರ್ಯ.

ಶನಿವಾರ, ಮೊದಲ ತಕ್ಕಡಿ

ಸರಳವಾದದ್ದನ್ನೇ ಹಿಡಿದೆ. ಕ್ಯೂಬಿನ ಮೇಲೆ 54 ಚೌಕ. ಆರು ಬದಿಯ ನಡುವಿನ ಚೌಕಗಳು ಕದಲುವುದಿಲ್ಲ. ಬಿಳಿಯ ಎದುರು ಹಳದಿ, ಹಸಿರಿನ ಎದುರು ನೀಲಿ, ಕೆಂಪಿನ ಎದುರು ಕೇಸರಿ ಯಾವಾಗಲೂ ಹಾಗೆಯೇ ಇರುತ್ತವೆ. ಉಳಿದವು 48. ಅವುಗಳಲ್ಲಿ ತನ್ನ ಬದಿಯ ನಡುವಿನ ಬಣ್ಣಕ್ಕೆ ಹೊಂದದ ಚೌಕ ಎಷ್ಟು ಅಂತ ಎಣಿಸುವುದು. ಪೂರ್ತಿ ಕೂಡಿದ ಕ್ಯೂಬಿಗೆ 0. ಮೇಲಿನ ಪದರವನ್ನು ಒಂದು ಸಲ ತಿರುವಿದರೆ ಸುತ್ತಲಿನ ನಾಲ್ಕು ಬದಿಯಲ್ಲಿ ಮೂರು ಮೂರು ತಪ್ಪಿ 12. ಚೆನ್ನಾಗಿ ಕೆಟ್ಟ ಕ್ಯೂಬಿನಲ್ಲಿ ಯಾವ ಚೌಕಕ್ಕಾದರೂ ಸರಿ ಬಣ್ಣ ಬರುವುದು ಆರಕ್ಕೆ ಒಂದು ಸಲ, ಹಾಗಾಗಿ ಸರಾಸರಿ 40 ತಪ್ಪು. 0ಯಿಂದ 40, ತಕ್ಕಡಿ ಚೆನ್ನಾಗಿಯೇ ತೂಗುವಂತಿತ್ತು.

ಮಗಳು ಬಂದು ಕೆಡಿಸಿದಳು ಅದನ್ನೂ. ಅವಳಿಗೆ ಚದುರಂಗದ ಹಾಸಿನ ಆಟ ಗೊತ್ತು: ಆರೂ ಬದಿಯನ್ನು ಒಂದೊಂದು ಅರ್ಧ ಸುತ್ತು, ಎದುರುಬದುರು ಜೋಡಿ ಜೋಡಿಯಾಗಿ. ಆರು ತಿರುವಿಗೆ ಕ್ಯೂಬಿನ ತುಂಬ ಚೌಕುಳಿ ಚೌಕುಳಿ. ಎಣಿಸಿದರೆ ಅಂಚಿನ 24 ಚೌಕವೂ ತಪ್ಪು, ಮೂಲೆಯ 24 ಚೌಕವೂ ಸರಿ. ತೂಕ 24. ಆಮೇಲೆ ಇನ್ನೊಂದು ಕ್ಯೂಬ್ ತಗೊಂಡು ಮೇಲಿನ ಪದರ ಒಂದು ಸಲ, ಕೆಳಗಿನ ಪದರ ಒಂದು ಸಲ ತಿರುವಿ ಟೇಬಲ್ಲಿನ ಮೇಲಿಟ್ಟಳು. ಎರಡೇ ತಿರುವು. ತೂಕ? 12 ಮತ್ತು 12, ಮತ್ತೆ 24.

ಮೂರನೆಯದನ್ನು ನಾನೇ ಮಾಡಿದೆ. ಸೂಪರ್‌ಫ್ಲಿಪ್ ಅಂತ ಒಂದು ಸ್ಥಿತಿ ಇದೆ: ಎಲ್ಲ ತುಂಡೂ ತನ್ನ ಜಾಗದಲ್ಲೇ ಇರುತ್ತದೆ, ಮೂಲೆಗಳು ಸರಿಯಾಗೇ ಇರುತ್ತವೆ, ಹನ್ನೆರಡು ಅಂಚುಗಳು ಮಾತ್ರ ಇದ್ದಲ್ಲೇ ಮಗುಚಿಕೊಂಡಿರುತ್ತವೆ. ಇಪ್ಪತ್ತು ತಿರುವಿನ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡು, ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಬಂತು. ಇದಕ್ಕಿಂತ ಕಡಿಮೆ ತಿರುವಿನಲ್ಲಿ ಇದನ್ನು ಕೂಡಿಸಲು ಆಗುವುದೇ ಇಲ್ಲ ಅಂತ 1995ರಲ್ಲಿ ಗಣಿತಜ್ಞ ಮೈಕೆಲ್ ರೀಡ್ ತೋರಿಸಿದ್ದಾರೆ. ನನ್ನ ತಕ್ಕಡಿಯಲ್ಲಿ ಇದರ ತೂಕವೂ 24.

ಎರಡು ತಿರುವಿನದು, ಆರು ತಿರುವಿನದು, ಇಪ್ಪತ್ತು ತಿರುವಿನದು, ಮೂರೂ ಸಾಲಾಗಿ ಝೆರಾಕ್ಸ್ ಮಷಿನ್ನಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದವು.

ಅದೇ ರಾತ್ರಿ, ಎರಡನೆಯದು

ಬೇರೆ ಉಪಾಯ: ಒಂದೇ ಬದಿಯಲ್ಲಿ ಅಕ್ಕಪಕ್ಕದ ಎರಡು ಚೌಕ ಒಂದೇ ಬಣ್ಣ ಇದ್ದರೆ ಒಂದು ಜೋಡಿ. ಮೂರು ಸಾಲಿನ ಬದಿಯಲ್ಲಿ ಅಡ್ಡ ಆರು, ಉದ್ದ ಆರು, ಒಟ್ಟು 12 ಅಕ್ಕಪಕ್ಕ. ಆರು ಬದಿಗೆ 72. ಕೂಡಿದ ಕ್ಯೂಬಿನಲ್ಲಿ 72 ಜೋಡಿಯೂ ಉಳಿದಿರುತ್ತವೆ, ಒಂದು ತಿರುವಿಗೆ 60 ಆಗುತ್ತವೆ, ಪೂರ್ತಿ ಕೆಟ್ಟಾಗ ಆರಕ್ಕೆ ಒಂದರ ಲೆಕ್ಕದಲ್ಲಿ ಸರಾಸರಿ 12. ಕಣ್ಣು "ಕಲಸಿ ಹೋಗೈತಿ" ಅನ್ನುವುದು ಇದನ್ನೇ ನೋಡಿ ಇರಬೇಕು, ಒಂದೇ ಬಣ್ಣದ ಗುಂಪು ಕಾಣದಿದ್ದರೆ ಕೆಟ್ಟಂತೆ.

ಮಗಳ ಎರಡು ತಿರುವಿನ ಕ್ಯೂಬ್ 48 ಕೊಟ್ಟಿತು. ಸರಿ, ಕಳ್ಳ ಸಿಕ್ಕಿಬಿದ್ದ. ಚೌಕುಳಿಯದು 0. ಸೂಪರ್‌ಫ್ಲಿಪ್ ಕೂಡ 0. ಅಂದರೆ ಈ ತಕ್ಕಡಿಯ ಪ್ರಕಾರ ಚೌಕುಳಿ ಕ್ಯೂಬಿಗಿಂತ ಹೆಚ್ಚು ಕೆಟ್ಟದ್ದು ಜಗತ್ತಿನಲ್ಲೇ ಇಲ್ಲ. ಮಗಳು ಆರು ಸಲ ಟಕಟಕ ತಿರುವಿ ಕೂಡಿಸಿ ಕೈಯಲ್ಲಿಟ್ಟು ಮಲಗಲು ಹೋದಳು.

ಆಗ ಒಂದು ಮಾತು ಹೊಳೆಯಿತು. ನಾನು ಇಲ್ಲಿಯವರೆಗೆ ಅಳೆದದ್ದು ಕ್ಯೂಬಿನ ಮುಖಚಹರೆಯನ್ನು. ಹುಡುಗರ ಜಗಳ ಇರುವುದು ದೂರದ ಬಗ್ಗೆ: ಮನೆಗೆ ಹೋಗಲು ಕನಿಷ್ಠ ಎಷ್ಟು ಹೆಜ್ಜೆ? ಚದುರಿದ ಹಾಗೆ ಕಾಣುವುದು ಬೇರೆ, ದೂರ ಇರುವುದು ಬೇರೆ.

ಸೋಮವಾರ, ರಿಪೇರಿ

ದೂರ ಅಳೆಯಲು ಪ್ರೋಗ್ರಾಂ ಬೇಕು. ಜರ್ಮನಿಯ ಹರ್ಬರ್ಟ್ ಕೋಸಿಯೆಂಬಾ ಅವರ ಎರಡು ಹಂತದ ವಿಧಾನ ಹೆಸರಾದದ್ದು. ಮೊದಲ ಹಂತದಲ್ಲಿ ಕ್ಯೂಬನ್ನು ಒಂದು ಹದಕ್ಕೆ ತರುತ್ತದೆ. ಆ ಹದದಲ್ಲಿ ಸುತ್ತಲಿನ ನಾಲ್ಕು ಬದಿಗೆ ಬರೀ ಅರ್ಧ ಸುತ್ತು ಸಾಕು. ಅಲ್ಲಿಂದ ಎರಡನೇ ಹಂತದಲ್ಲಿ ಮನೆಗೆ. ಅದರ ಪೈಥಾನ್ ಪ್ರೋಗ್ರಾಂ ಉಚಿತವಾಗಿ ಸಿಗುತ್ತದೆ. ಮೊದಲ ಸಲ ತನ್ನ ಕೋಷ್ಟಕ ಕಟ್ಟಿಕೊಳ್ಳಲು ನನ್ನ ಹಳೆಯ ಕಂಪ್ಯೂಟರನ್ನು ಚೆನ್ನಾಗಿ ಗೋಳಾಡಿಸಿತು, ನಡುವೆ ಒಂದು ಸಲ ಕರೆಂಟೂ ಹೋಯಿತು. ಆಮೇಲೆ 54 ಚೌಕದ ಬಣ್ಣ ಬರೆದು ಕೊಟ್ಟರೆ ಕ್ಷಣದಲ್ಲಿ ಉತ್ತರ.

ಮೊದಲಿಗೆ ಕೈಗೆ ಸಿಕ್ಕದ್ದು ಹಿಂದಿನ ಓಣಿಯ ಹುಡುಗನ ಕ್ಯೂಬ್. ಬಣ್ಣ ಬರೆದೆ. ತಪ್ಪು ಅಂತ ಬಂತು. ಇನ್ನೊಮ್ಮೆ ಬರೆದೆ. ತಪ್ಪು. ಕೇಸರಿಯನ್ನು ಕೆಂಪು ಅಂದೆನೇನೋ ಅಂತ ಬಾಗಿಲ ಬೆಳಕಿಗೆ ಹಿಡಿದು ಮೂರನೇ ಸಲ ಬರೆದೆ. ಅದೇ ಉತ್ತರ: ಒಂದು ಮೂಲೆ ತಿರುಚಿದೆ, ಅಂದರೆ ಎಷ್ಟು ತಿರುವಿದರೂ ಈ ಕ್ಯೂಬ್ ಕೂಡುವುದಿಲ್ಲ.

ಈ ಕ್ಯೂಬ್ ಜನವರಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಕೊಂಡದ್ದು. ಎರಡು ವಾರದ ಹಿಂದೆ ತುಂಡುಗಳು ಸಿಡಿದು ಬಂದಿದ್ದವು ಅಂತ ಹುಡುಗ ನನ್ನ ಹತ್ತಿರವೇ ತಂದಿದ್ದ, ಜೋಡಿಸಿ ಕೊಟ್ಟವನು ನಾನೇ. ಅಂದಿನಿಂದ ಆ ಹುಡುಗ ಕೊನೆಯ ಪದರದವರೆಗೆ ಬರುತ್ತಾನೆ, ಒಂದು ಮೂಲೆ ಉಳಿಯುತ್ತದೆ, ಮತ್ತೆ ಮೊದಲಿಂದ ಶುರು ಮಾಡುತ್ತಾನೆ. ಉಳಿದವರು ಅವನಿಗೆ ಫಾರ್ಮ್ಯುಲಾ ಬರೋದಿಲ್ಲ ಅಂತ ನಗುತ್ತಿದ್ದರು. ನಾನೂ ಒಂದು ಸಲ "ಇನ್ನಷ್ಟು ಪ್ರ್ಯಾಕ್ಟೀಸ್ ಮಾಡು ತಮ್ಮಾ" ಅಂದಿದ್ದೆ. ನೆನಪಾಗಿ ಮುಖ ಬಿಸಿಯಾಯಿತು.

ಬಿಚ್ಚಿದೆ. ಮೇಲಿನ ಪದರವನ್ನು ಅರ್ಧಕ್ಕೆ, ಮೂಲೆ ಹೊರಬರುವಷ್ಟು ತಿರುಗಿಸಿ, ಚಪ್ಪಟೆ ಸ್ಕ್ರೂಡ್ರೈವರಿನಿಂದ ಒಂದು ಅಂಚಿನ ತುಂಡನ್ನು ಮೆಲ್ಲಗೆ ಎಬ್ಬಿಸಬೇಕು. ಅದು ಬಂದರೆ ಉಳಿದವು ತಾವೇ ಉದುರುತ್ತವೆ. ಎಂಟು ಮೂಲೆ, ಹನ್ನೆರಡು ಅಂಚು, ನಡುವೆ ಆರು ತೋಳಿನ ಶಿಲುಬೆ. ತುಂಡಿನ ಹೊಟ್ಟೆಯೊಳಗೆಲ್ಲ ನಮ್ಮೂರ ಧೂಳು, ಜೊತೆಗೆ ಯಾರೋ ಹಾಕಿದ ಹೊಲಿಗೆ ಮಷಿನ್ ಎಣ್ಣೆ ಸೇರಿ ಕಪ್ಪು ಮೇಣ ಆಗಿತ್ತು. ಸೋಪಿನ ನೀರಲ್ಲಿ ತೊಳೆದು ಹಾಳೆಯ ಮೇಲೆ ಹರವಿದೆ. ಮೇ ಬಿಸಿಲಿಗೆ ಹತ್ತು ನಿಮಿಷ ಸಾಕು. ನಡುವಿನ ಚೌಕದ ಮುಚ್ಚಳವನ್ನು ಬ್ಲೇಡಿನಿಂದ ಎತ್ತಿದರೆ ಕೆಳಗೆ ಸ್ಕ್ರೂ, ಸ್ಕ್ರೂವಿನ ಸುತ್ತ ಸ್ಪ್ರಿಂಗ್. ಒಂದು ಕಡೆ ಸ್ಕ್ರೂ ಸಡಿಲಾಗಿತ್ತು, ತುಂಡು ಸಿಡಿಯಲು ಅದೇ ಕಾರಣ. ಆರೂ ಕಡೆ ಒಂದೇ ಬಿಗಿ ಬರುವ ಹಾಗೆ ಕಾಲು ಕಾಲು ಸುತ್ತು ಬಿಗಿದು, ಒಂದು ಹನಿ ಸಿಲಿಕೋನ್ ಎಣ್ಣೆ ಬಿಟ್ಟೆ.

ಜೋಡಿಸುವಾಗ ಕೂಡಿದ ಸ್ಥಿತಿಯಲ್ಲೇ ಜೋಡಿಸಬೇಕು. ಮೊದಲ ಸಲ ನಾನು ಕೈಗೆ ಬಂದ ಹಾಗೆ ತುರುಕಿದ್ದೆ. ಹಾಗೆ ತುರುಕಿದರೆ ಹನ್ನೆರಡರಲ್ಲಿ ಒಂದು ಸಲ ಮಾತ್ರ ಕ್ಯೂಬ್ ಕೂಡುವಂಥದ್ದಾಗುತ್ತದೆ. ಲೆಕ್ಕ ಹೀಗೆ: ಪ್ರತಿ ಮೂಲೆಯ ತಿರುಚನ್ನು 0, 1 ಅಥವಾ 2 ಅಂತ ಹಿಡಿದರೆ ಅವುಗಳ ಮೊತ್ತ ಮೂರರಿಂದ ಭಾಗವಾಗಬೇಕು, ಇದು ಮೂರಕ್ಕೆ ಒಂದು. ಮಗುಚಿದ ಅಂಚುಗಳು ಸಮ ಸಂಖ್ಯೆ ಇರಬೇಕು, ಇದು ಎರಡಕ್ಕೆ ಒಂದು. ಮೂಲೆಗಳ ಅದಲುಬದಲು ಸಮವಾದರೆ ಅಂಚುಗಳದ್ದೂ ಸಮ, ಬೆಸವಾದರೆ ಬೆಸ, ಇದೂ ಎರಡಕ್ಕೆ ಒಂದು. ಮೂರೆರಡಲೆ ಆರು, ಆರೆರಡಲೆ ಹನ್ನೆರಡು. ಕೊನೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿದಾಗ "ಟಕ್" ಅಂದದ್ದು ಎಷ್ಟು ಸಮಾಧಾನ ಕೊಟ್ಟಿತೆಂದರೆ, ಹುಡುಗನನ್ನು ಕರೆದು ಎಲ್ಲರೆದುರು ತಪ್ಪು ನನ್ನದು ಅಂತ ಹೇಳುವುದು ಕಷ್ಟವಾಗಲಿಲ್ಲ. "ನಾ ಅವತ್ತೇ ಅಂದಿದ್ನಿ ಕಾಕಾ" ಅಂದ. ಅಂದಿರಲಿಲ್ಲ. ಬಿಡಿ.

ಬುಧವಾರ, ಸಣ್ಣ ಕ್ಯೂಬಿನ ಮೇಲೆ ಪ್ರಯೋಗ

ಕೋಸಿಯೆಂಬಾ ಪ್ರೋಗ್ರಾಂ ಹೇಳುವುದು "ಇಷ್ಟು ತಿರುವಿನಲ್ಲಿ ಆಗುತ್ತದೆ" ಅಂತ. ಇನ್ನೂ ಕಡಿಮೆಯಲ್ಲಿ ಆಗುವುದೇ ಇಲ್ಲ ಅಂತ ಅದರ ಉತ್ತರಕ್ಕೆ ಅರ್ಥವಿಲ್ಲ. ಖಚಿತ ದೂರ ಬೇಕಾದರೆ ಮನೆಯಿಂದ ಹೊರಟು ಒಂದು ಹೆಜ್ಜೆಯವು, ಎರಡು ಹೆಜ್ಜೆಯವು ಅಂತ ಎಲ್ಲ ಸ್ಥಿತಿಯನ್ನೂ ಪಟ್ಟಿ ಮಾಡಬೇಕು. ದೊಡ್ಡ ಕ್ಯೂಬಿನ ಸ್ಥಿತಿಗಳು 4,32,52,00,32,74,48,98,56,000. ನನ್ನ ಹಾರ್ಡ್‌ಡಿಸ್ಕ್ ಇರಲಿ, ಯಾರ ಹಾರ್ಡ್‌ಡಿಸ್ಕೂ ಸಾಲದು.

ಹಾಗಾಗಿ ಎರಡು ಸಾಲಿನ ಸಣ್ಣ ಕ್ಯೂಬ್ ಹಿಡಿದೆ. ಅದರಲ್ಲಿ ಬರೀ ಮೂಲೆಗಳು. ಒಂದು ಮೂಲೆಯನ್ನು ಹಿಡಿದುಕೊಂಡರೆ ಉಳಿದ ಏಳರ ಜಾಗ 5,040 ಬಗೆ, ತಿರುಚು 729 ಬಗೆ, ಗುಣಿಸಿದರೆ 36,74,160. ಸ್ಥಿತಿಗೊಂದು ಬೈಟ್ ಇಟ್ಟರೂ ನಾಲ್ಕು ಎಂಬಿ ಒಳಗೆ. ಮದುವೆ ಕಾರ್ಡಿನ ಒಂದು ಫೈಲು ಇದಕ್ಕಿಂತ ದಪ್ಪ ಇರುತ್ತದೆ.

ಹಿಡಿದ ಮೂಲೆಗೆ ತಾಗದ ಮೂರು ಬದಿ, ಬದಿಗೆ ಮೂರು ಬಗೆಯ ತಿರುವು (ಬಲಕ್ಕೆ, ಎಡಕ್ಕೆ, ಅರ್ಧ ಸುತ್ತು), ಹೀಗಾಗಿ ಮೊದಲ ಹೆಜ್ಜೆಗೆ 9. ಎರಡನೆಯದಕ್ಕೆ ಅದೇ ಬದಿಯನ್ನು ಬಿಟ್ಟು 9ಕ್ಕೆ 6ರಂತೆ 54 ಬರಬೇಕು. ನನ್ನ ಪ್ರೋಗ್ರಾಂ 57 ಅಂದಿತು. ಮೂರೇ ಅಲ್ಲವೇ ಅಂತ ಓಡಲು ಬಿಟ್ಟು ಗಿರಾಕಿಗಳ ಆಧಾರ್ ಝೆರಾಕ್ಸ್ ತೆಗೆಯುತ್ತ ಕೂತೆ. ಎಷ್ಟೋ ಹೊತ್ತಿಗೆ ಯಂತ್ರ ಏದುಸಿರು ಬಿಡುತ್ತ ಒಟ್ಟು ಮೊತ್ತ ಕೊಟ್ಟಿತು: 1,10,22,480. ಕೈಯಲ್ಲಿ ಭಾಗಿಸಿ ನೋಡಿದೆ, ಸರಿಯಾಗಿ ಮೂರು ಪಟ್ಟು.

ಮೂರು ಅಂದ ತಕ್ಷಣ ಸೋಮವಾರ ನೆನಪಾಯಿತು. ತಿರುಚಿದ ಮೂಲೆ! ಬಲ ಬದಿಯ ತಿರುವನ್ನು ಬರೆಯುವಾಗ ಒಂದು ಮೂಲೆಯ ತಿರುಚಿಗೆ 1ರ ಬದಲು 2 ಹಾಕಿದ್ದೆ. ಒಂದೇ ಬದಿಯನ್ನು ನಾಲ್ಕು ಸಲ ತಿರುವಿದರೆ ಮನೆಗೆ ಬರಬೇಕು; ನನ್ನದು ನಾಲ್ಕು ಸಲಕ್ಕೂ ಬಾರದೆ ಮುಂದೆ ಹೋಗುತ್ತಿತ್ತು, ಆ ಹೆಚ್ಚಿನ ಮೂರು ಅಲ್ಲಿಂದ ಬಂದವು. ಜಾತ್ರೆಯ ಕ್ಯೂಬಿಗೆ ಇದ್ದ ರೋಗವೇ ಪ್ರೋಗ್ರಾಮಿಗೂ ಇತ್ತು, ಎರಡರ ಡಾಕ್ಟರೂ ಒಬ್ಬನೇ.

ತಿದ್ದಿದ ಮೇಲೆ ಸಾಲುಗಳು ಹೀಗೆ ಇಳಿದವು: 1, 9, 54, 321, 1,847, 9,992, 50,136, 2,27,536, 8,70,072, 18,87,748, 6,23,800, ಕೊನೆಗೆ ಹನ್ನೊಂದನೇ ಹೆಜ್ಜೆಯಲ್ಲಿ 2,644. ಅಲ್ಲಿಗೆ ಮುಗಿಯಿತು, ಹನ್ನೆರಡನೇ ಹೆಜ್ಜೆ ಇಲ್ಲ. ಕೂಡಿದರೆ 36,74,160, ಒಂದೂ ಹೆಚ್ಚಿಲ್ಲ ಕಡಿಮೆಯಿಲ್ಲ. ಈ ಅಂಕಿಗಳನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೇನೆ.

ಆ ಹಾಳೆಯನ್ನು ನೋಡುತ್ತ ಕೂತಾಗ ತಕ್ಕಡಿಯ ಹುಚ್ಚೇ ಇಳಿದಂತಾಯಿತು. ಅರ್ಧಕ್ಕಿಂತ ಹೆಚ್ಚು ಸ್ಥಿತಿಗಳು ಒಂಬತ್ತನೇ ಹೆಜ್ಜೆಯ ಒಂದೇ ಸಾಲಿನಲ್ಲಿವೆ. ಎಂಟು ಅಥವಾ ಮೇಲಿನವು ನೂರಕ್ಕೆ 92. ಅಂದರೆ ಕಣ್ಣು ಮುಚ್ಚಿ ಯಾವ ಸ್ಥಿತಿ ಎತ್ತಿದರೂ ಅದು ದೂರದ್ದೇ. ಸಮೀಪದವು ಅಪರೂಪ, ಬಹಳ ದೂರದವು ಇನ್ನೂ ಅಪರೂಪ. ಸರಾಸರಿ 8.76.

ದೊಡ್ಡ ಕ್ಯೂಬಿನದೂ ಇದೇ ಕಥೆ. 1997ರಲ್ಲಿ ಕಂಪ್ಯೂಟರ್ ವಿಜ್ಞಾನಿ ರಿಚರ್ಡ್ ಕೋರ್ಫ್ ಹತ್ತು ಕ್ಯೂಬನ್ನು ಮನಬಂದಂತೆ ಕೆಡಿಸಿ ಖಚಿತ ದೂರ ಕಂಡುಹಿಡಿದರು: ಒಂದಕ್ಕೆ 16, ಮೂರಕ್ಕೆ 17, ಆರಕ್ಕೆ 18. ಅವರ ಉಪಾಯ ಚಂದ: ಮೂಲೆಗಳದ್ದೇ ಬೇರೆ ಕೋಷ್ಟಕ, 8,81,79,840 ಸ್ಥಿತಿ, ಒಂದೊಂದಕ್ಕೆ ಅರ್ಧ ಬೈಟ್. ಮೂಲೆ ಕೂಡಿಸಲೇ ಎಂಟು ತಿರುವು ಬೇಕಾದರೆ ಇಡೀ ಕ್ಯೂಬಿಗೆ ಎಂಟಕ್ಕಿಂತ ಕಡಿಮೆ ಹೇಗೆ ಸಾಧ್ಯ? ಆ ದಾರಿಯನ್ನು ಹುಡುಕುವುದೇ ಬೇಡ. (ಸೂಪರ್‌ಫ್ಲಿಪ್‌ಗೆ ಈ ಕೋಷ್ಟಕ 0 ಅನ್ನುತ್ತದೆ, ಮೂಲೆಗಳೆಲ್ಲ ಮನೆಯಲ್ಲೇ ಇವೆಯಲ್ಲ. ಅದಕ್ಕೇ ಅಂಚುಗಳಿಗೂ ಅವರು ಬೇರೆ ಕೋಷ್ಟಕ ಇಟ್ಟರು.) 2010ರಲ್ಲಿ ರೊಕಿಕಿ, ಕೋಸಿಯೆಂಬಾ, ಡೇವಿಡ್‌ಸನ್, ಡೆತ್‌ರಿಜ್ ನಾಲ್ವರೂ ಸೇರಿ, ಗೂಗಲ್ ಕೊಟ್ಟ ಕಂಪ್ಯೂಟರುಗಳಲ್ಲಿ, ಒಂದೇ ಯಂತ್ರವಾದರೆ ಸುಮಾರು 35 ವರ್ಷ ಹಿಡಿಯುವ ಲೆಕ್ಕ ಮಾಡಿ, ಯಾವ ಕ್ಯೂಬಿಗೂ 20ಕ್ಕಿಂತ ಹೆಚ್ಚು ತಿರುವು ಬೇಡ ಅಂತ ಮುಗಿಸಿದರು. ಅರ್ಧ ಸುತ್ತನ್ನು ಒಂದೇ ತಿರುವು ಅಂತ ಹಿಡಿದ ಲೆಕ್ಕ ಇದು. ಎರಡು ಅಂತ ಹಿಡಿದರೆ 26. ಮೂರರಲ್ಲಿ ಎರಡು ಪಾಲು ಸ್ಥಿತಿಗಳು 18ರಲ್ಲೇ ಇವೆ, ಕಾಲು ಭಾಗಕ್ಕಿಂತ ಹೆಚ್ಚು 17ರಲ್ಲಿ. ಐದು ತಿರುವಿನೊಳಗಿನವು ಎಲ್ಲ ಸೇರಿ 6,21,649 ಮಾತ್ರ. ಆ ಇಪ್ಪತ್ತಂಕಿಯ ಸಂಖ್ಯೆಯೆದುರು ಸಮುದ್ರಕ್ಕೆ ಬಿದ್ದ ಸಾಸಿವೆ.

ಹಾಗಿದ್ದರೆ ಜಗಳ ಎಲ್ಲಿಂದ ಬಂತು? ಪ್ರಾಮಾಣಿಕವಾಗಿ ಕೆಡಿಸಿದ ಕ್ಯೂಬ್ ಹೆಚ್ಚುಕಡಿಮೆ ಎಲ್ಲಾ ಒಂದೇ ದೂರ ಇರಬೇಕಲ್ಲ?

ಗುರುವಾರ, ಬೆರಳು ನೋಡಿದೆ

ಕಟ್ಟೆಯ ಮೇಲೆ ಸುಮ್ಮನೆ ಕೂತು, ಅಕ್ಕನ ಮಗನಿಗೆ ಕೆಡಿಸಿ ಕೊಡುವ ಗೆಳೆಯನ ಕೈ ನೋಡಿದೆ. ಎಡಗೈ ಕ್ಯೂಬನ್ನು ಗಟ್ಟಿಯಾಗಿ ಹಿಡಿದಿದೆ. ಬಲಗೈ ಬಲ ಬದಿಯನ್ನು ಎತ್ತುತ್ತದೆ, ತೋರುಬೆರಳು ಮೇಲಿನ ಪದರವನ್ನು ತಳ್ಳುತ್ತದೆ, ಮತ್ತೆ ಬಲ, ಮತ್ತೆ ಮೇಲೆ. ಚಟಪಟ ಮೂವತ್ತು ನಲವತ್ತು ತಿರುವು, ನೋಡಿದವರಿಗೆ ಎಷ್ಟು ಕೆಡಿಸಿದ ಅನ್ನಿಸಬೇಕು. ತಿರುಗಿದ್ದು ಎರಡೇ ಬದಿ!

ಬಲ ಮತ್ತು ಮೇಲೆ, ಇವೆರಡನ್ನೇ ನೂರು ಸಲ ತಿರುವಿದರೂ ಕೆಳಗೆ ಎಡಕ್ಕಿರುವ ಇಟ್ಟಿಗೆಯಂಥ ಭಾಗ ಕದಲುವುದಿಲ್ಲ. ಎರಡು ಮೂಲೆ, ಐದು ಅಂಚು ಮನೆಯಲ್ಲೇ ಕೂತಿರುತ್ತವೆ. ಹೀಗೆ ಹುಟ್ಟುವ ಸ್ಥಿತಿಗಳು ಒಟ್ಟು 7,34,83,200. ಏಳು ಕೋಟಿ ಅಂದರೆ ದೊಡ್ಡದೇ, ಆದರೆ ಕೂಡಿಸುವವನಿಗೆ ಅರ್ಧ ಕೆಲಸ ಆಗಿಯೇ ಸಿಗುತ್ತದೆ. ಹುಡುಗ ಮೋಸ ಮಾಡಿದ ಅನ್ನಲಾರೆ. ಬಲಗೈಯವರ ಬೆರಳಿಗೆ ಅವೆರಡು ಸಲೀಸು, ಅಷ್ಟೆ. ನನ್ನ ಕೈಯೂ ಹಾಗೇ ಓಡುತ್ತದೆ ಅಂತ ಆಮೇಲೆ ಗೊತ್ತಾಯಿತು.

ಬಿಸಾಕಿದ್ದ ಎರಡನೇ ತಕ್ಕಡಿ ಇಲ್ಲಿ ಕೆಲಸಕ್ಕೆ ಬಂತು. ಆ ಕದಲದ ಭಾಗದಲ್ಲಿ ಎಡ ಬದಿಗೆ 7 ಜೋಡಿ, ಕೆಳ ಬದಿಗೆ 7, ಮುಂದೆ 4, ಹಿಂದೆ 4, ಒಟ್ಟು 22 ಜೋಡಿ ಉಳಿದೇ ಉಳಿಯುತ್ತವೆ. ಸರಿಯಾಗಿ ಕೆಟ್ಟ ಕ್ಯೂಬಿನ ಸರಾಸರಿ 12. ಜೋಡಿ ಎಣಿಕೆ ಬಹಳ ಬಂದರೆ ಸಂಶಯ ಪಡಬಹುದು. ಕಡಿಮೆ ಬಂತು ಅಂತ ಶಭಾಷ್ ಅನ್ನುವ ಹಾಗಿಲ್ಲ, ಚೌಕುಳಿ ನೆನಪಿರಲಿ.

ಶನಿವಾರ, ಚೀಟಿ

ಕೊನೆಗೆ ಕೆಡಿಸಿದ್ದನ್ನು ತೂಗುವ ಗೋಜು ಬಿಟ್ಟು, ಕೆಡಿಸುವುದನ್ನೇ ಹುಡುಗರ ಕೈಯಿಂದ ಕಿತ್ತುಕೊಂಡೆ. ವರ್ಲ್ಡ್ ಕ್ಯೂಬ್ ಅಸೋಸಿಯೇಷನ್ ಪಂದ್ಯಗಳಲ್ಲೂ ಹೀಗೆಯೇ: ಕೈಗೆ ಬಂದ ತಿರುವಿಲ್ಲ, ಪ್ರೋಗ್ರಾಂ ಮೊದಲು ಒಂದು ಸ್ಥಿತಿಯನ್ನು ಲಾಟರಿ ಎತ್ತಿದಂತೆ ಎತ್ತುತ್ತದೆ, ಆಮೇಲೆ ಅಲ್ಲಿಗೆ ಹೋಗುವ ದಾರಿ ಕೊಡುತ್ತದೆ. ನನ್ನದೂ ಹಾಗೇ ಬರೆದೆ. ಎಂಟು ಮೂಲೆ ಕಲಸು, ಹನ್ನೆರಡು ಅಂಚು ಕಲಸು, ಸಮಬೆಸ ಹೊಂದದಿದ್ದರೆ ಎರಡು ಅಂಚು ಅದಲುಬದಲು ಮಾಡು. ಏಳು ಮೂಲೆಗೆ ಮನಬಂದ ತಿರುಚು, ಎಂಟನೆಯದು ಮೊತ್ತ ಸರಿ ಮಾಡಲು. ಹನ್ನೊಂದು ಅಂಚು ಹೇಗಾದರೂ, ಹನ್ನೆರಡನೆಯದು ಲೆಕ್ಕಕ್ಕೆ. ಇದನ್ನು ಕೋಸಿಯೆಂಬಾ ಪ್ರೋಗ್ರಾಮಿಗೆ ಕೊಟ್ಟು, ಬಂದ ಉತ್ತರವನ್ನು ಹಿಂದುಮುಂದು ಮಾಡಿದರೆ ಕೆಡಿಸುವ ಚೀಟಿ.

ಬಿಳಿ ಮೇಲೆ, ಹಸಿರು ಮುಂದೆ ಹಿಡಿದು ಓದಬೇಕು. ಅಕ್ಷರ ನಮ್ಮವೇ: ಮೇಲೆ, ಕೆಳಗೆ, ಬಲ, ಎಡ, ಮುಂದೆ, ಹಿಂದೆ. "ಬ2 ಮು ಕೆ' ಎ ಮೇ2 ಹಿ' ಮು2" ಅಂತ ಸಾಲು ಶುರುವಾಗುತ್ತದೆ. 2 ಅಂದರೆ ಅರ್ಧ ಸುತ್ತು, ಮೇಲಿನ ಗೀಟು ಅಂದರೆ ಉಲ್ಟಾ. ಚೀಟಿಯ ಹಿಂಬದಿಯಲ್ಲಿ ಕೆಟ್ಟ ಮೇಲೆ ಆರೂ ಬದಿ ಹೇಗೆ ಕಾಣಬೇಕು ಅನ್ನುವ ಚಿತ್ರ. ಚಿತ್ರಕ್ಕೆ ಹೊಂದಿದರೆ ಮಾತ್ರ ಟೈಮ್ ಶುರು. ಒಂದೇ ಚೀಟಿ ಎಲ್ಲರಿಗೂ, ಹಾಗಾಗಿ ಹಗುರ ಬಿಗಿ ಅನ್ನುವ ಮಾತೇ ಇಲ್ಲ.

ಭಾನುವಾರ ಮಗಳು ಗೆದ್ದಳು, 52 ಸೆಕೆಂಡು. ಅಕ್ಕನ ಮಗನಿಗೆ 58. ಹಿಂದಿನ ಓಣಿಯ ಹುಡುಗನಿಗೆ ಮೂರು ನಿಮಿಷದ ಮೇಲೆ ಹಿಡಿಯಿತು, ಆದರೆ ಕೊನೆಯ ಮೂಲೆ ಕೂತಾಗ ಗಿರ್ಮಿಟ್ ತಿನ್ನುತ್ತಿದ್ದವರೂ ಕೂಗಿದರು. ಜಗಳ ಮಾತ್ರ ನಿಂತಿಲ್ಲ. ಬಣ್ಣದ ಪ್ರಿಂಟರಿನಲ್ಲಿ ಶಾಯಿ ತೀರುತ್ತ ಬಂದು ಚೀಟಿಯ ಚಿತ್ರದಲ್ಲಿ ಕೇಸರಿಯೂ ಕೆಂಪೂ ಒಂದೇ ಥರ ಬಂದಿದ್ದವು. "ಮಾಮಾ, ಇದು ಕೆಂಪೋ ಕೇಸರಿಯೋ?" ಅಂತ ಕೇಳುವುದರಲ್ಲೇ ತನ್ನ ಲಯ ತಪ್ಪಿತು ಅನ್ನುತ್ತಾನೆ ಅಳಿಯ. ಮುಂದಿನ ಸಲಕ್ಕೆ ಚೌಕದೊಳಗೆ ಬಣ್ಣದ ಮೊದಲ ಅಕ್ಷರ ಹಾಕಬೇಕು ಅಂದುಕೊಂಡೆ. ಕೆಂಪಿಗೂ "ಕೆ", ಕೆಳಗಿಗೂ "ಕೆ". ಅಲ್ಲಿಗೆ ನಿಂತಿದೆ ಕೆಲಸ.